ಕಲ್ಲುಗಳ ನಡುವೆ ಗುಗ್ಗರಿ

ಗ್ರೀಸ್ ದೇಶದ ಪೆಲೊಪೊನೀಸಿನ ಆ ಊರಿನವರು ಗುಡ್ಡದ ಮೇಲಿನ ಪುರಾತನ ಪಟ್ಟಣವನ್ನು ‘ಕಲ್ಲುಗಳು’ ಎಂದಷ್ಟೇ ಕರೆಯುತ್ತಾರೆ. ಗರುಫಲಿಯಾ ಆ ಕಲ್ಲುಗಳಲ್ಲೇ ಮೂವತ್ತು ವರ್ಷ ಸವೆಸಿದವಳು. ಅಗೆಯುವವರು ಬುಟ್ಟಿಗಟ್ಟಲೆ ತಂದು ಸುರಿದ ಮಡಕೆ ಚೂರುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಒಣಹಾಕುವುದು ಅವಳ ಕೆಲಸವಾಗಿತ್ತು. ದೊಡ್ಡ ದೊಡ್ಡ ಪ್ರೊಫೆಸರುಗಳು ಬಂದರು, ಹೆಸರು ಮಾಡಿಕೊಂಡು ಹೋದರು. ಅವಳಿಗೆ ಉಳಿದದ್ದು ಬೆರಳುಗಳ ಗಂಟುನೋವು. ಎಪ್ಪತ್ತೆರಡು ತುಂಬಿದರೂ ನಾಲಿಗೆಗೆ ಮಾತ್ರ ತುಕ್ಕು ಹಿಡಿದಿರಲಿಲ್ಲ.

ಆ ಕಲ್ಲುಗಳ ನಡುವೆ, ಹಳೇ ಕಾಲದ ದೇವಿಯೊಬ್ಬಳ ಮುರಿದ ಗುಡಿಯ ಮೇಲುಗಡೆ ಮಾತೆ ಮರಿಯಳ ಪುಟ್ಟ ಇಗರ್ಜಿಯಿದೆ. ನವೆಂಬರಿನಲ್ಲಿ ಅರ್ಧ ಬಿತ್ತನೆ ಮುಗಿದಾಗ ಹೆಂಗಸರು ಗೋಧಿ, ಕಡಲೆ, ಮಸೂರ ಬೇಯಿಸಿ, ದಾಳಿಂಬೆ ಉದುರಿಸಿ, ಆ ಗುಗ್ಗರಿಯನ್ನು ಅಲ್ಲಿಗೆ ಒಯ್ಯುತ್ತಾರೆ. ಪಾದ್ರಿ ಹರಸಿದ ಮೇಲೆ ಅಲ್ಲೇ ಹಂಚಿ ತಿಂದು, ಉಳಿದರ್ಧ ಬಿತ್ತನೆಗೆ ಇಳಿಯುವುದು ರೂಢಿ. ಈ ಸಲ ಕಲ್ಲುಗಳ ಹೊಸ ಮೇಲ್ವಿಚಾರಕಿ ಇಸ್ಮಿನಿ ಅಲ್ಲಿನ ಗೇಟಿಗೆ ಚೀಟಿ ಅಂಟಿಸಿದ್ದಳು: ಮೂರಕ್ಕೆ ಬಂದ್, ಒಳಗೆ ಆಹಾರ ನಿಷೇಧ. ಪಾದ್ರಿ ಪ್ರೊಕೊಪಿಸ್ ತೆಪ್ಪಗೆ ತಲೆಯಾಡಿಸಿ, ಪೂಜೆ ಕೆಳಗಿನ ಹೊಸ ಇಗರ್ಜಿಯಲ್ಲೇ ಎಂದು ಸಾರಿಬಿಟ್ಟರು. ಗರುಫಲಿಯಾಳಿಗೆ ಮೈಯೆಲ್ಲ ಉರಿಯಿತು. ಒಂದು ವರ್ಷ ತಪ್ಪಿದರೆ ಆ ಬಾಗಿಲು ಇನ್ನೆಂದೂ ತೆರೆಯದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೂರಕ್ಕೆ ಐದು ನಿಮಿಷವಿರುವಾಗ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಅವಳೊಬ್ಬಳೇ ಗುಡ್ಡ ಹತ್ತಿ ಬಂದಳು. ಇಸ್ಮಿನಿ ಗೇಟು ಎಳೆಯುತ್ತಿದ್ದಳು.

“ಅಜ್ಜಿ, ಚೀಟಿ ನೋಡ್ಲಿಲ್ವಾ? ಊಟ ಗೀಟ ಒಳಗೆ ತರೋ ಹಾಗಿಲ್ಲ.”

“ಊಟ ಅಲ್ಲಮ್ಮ, ಗುಗ್ಗರಿ. ನಿಮ್ಮ ಮ್ಯೂಸಿಯಮ್ಮಲ್ಲಿ ಗಾಜಿನ ಪೆಟ್ಟಿಗೇಲಿ ಸುಟ್ಟ ಗೋಧಿ, ಕಡಲೆ ಇಟ್ಟಿದೀರಲ್ಲ, ಅದೇನು?”

“ಅದು ಹಳೇ ಕಾಲದ ಹೆಂಗಸರು ದೇವಿಗೆ ಕೊಟ್ಟ ಕಾಣಿಕೆ.”

“ಗೊತ್ತು. ಬೂದಿಯಿಂದ ಒಂದೊಂದೇ ಕಾಳು ಆರಿಸಿದ್ದು ನಾನೇ. ಅವರು ಸತ್ತಿದಾರೆ ಅಂತ ಲೈಟು ಹಾಕಿ ತೋರಿಸ್ತೀಯ. ನಾನಿನ್ನೂ ಬದುಕಿದೀನಿ ಅಂತ ಗೇಟು ಹಾಕ್ತೀಯ.”

ಇಸ್ಮಿನಿಯ ಮುಖ ಕೆಂಪಾಯಿತು. “ನಿಯಮ ನಾನು ಮಾಡಿದ್ದಲ್ಲ ಅಜ್ಜಿ. ಪೊಲೀಸರನ್ನ ಕರೀಬೇಕಾಗುತ್ತೆ.”

“ಕರಿ. ಬರ್ತಾ ಚಮಚ ತರಕ್ಕೆ ಹೇಳು.”

ಅರ್ಧ ಮುಚ್ಚಿದ್ದ ಗೇಟನ್ನು ಭುಜದಿಂದ ತಳ್ಳಿ ಅವಳು ಒಳಗೆ ನಡೆದೇಬಿಟ್ಟಳು. ಕೆಳಗಿನ ಇಗರ್ಜಿಯ ಅಂಗಳದಿಂದ ಇದನ್ನೆಲ್ಲ ನೋಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಪಾತ್ರೆ ಎತ್ತಿಕೊಂಡು ಗುಡ್ಡ ಹತ್ತತೊಡಗಿದರು. ಖಾಲಿ ಇಗರ್ಜಿಯಲ್ಲಿ ಪಾದ್ರಿ ಯಾರಿಗೆಂದು ಪೂಜೆ ಮಾಡಬೇಕು? ಅವರೂ ನಿಲುವಂಗಿ ಎತ್ತಿ ಹಿಡಿದು ಏದುಸಿರು ಬಿಡುತ್ತ ಹಿಂದೆಯೇ ಬಂದರು.

“ಮಂಡಿನೋವು ಅಂತಿದ್ರಿ, ಪಾದ್ರಿಗಳೇ,” ಎಂದಳು ಗರುಫಲಿಯಾ.

“ನಿನ್ನ ಬಾಯಿಗಿಂತ ಮಂಡಿನೋವೇ ವಾಸಿ ಕಣಮ್ಮ.”

ಮೇಲಿನ ಇಗರ್ಜಿಯ ಮೆಟ್ಟಿಲ ಹತ್ತಿರ ಇಸ್ಮಿನಿ ಅವರನ್ನು ಅಡ್ಡಗಟ್ಟಿ ಪುಸ್ತಕ ಬಿಚ್ಚಿದಳು.

“ನಾನು ದೂರು ಬರೀಲೇಬೇಕು. ಮೊದಲು ಒಳಗೆ ಬಂದೋರು ಯಾರು, ಹೆಸರು ಹೇಳಿ.”

ಪಾದ್ರಿ ಆಕಾಶ ನೋಡಿದರು. ಗರುಫಲಿಯಾ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಪುಸ್ತಕಕ್ಕೇ ಬೆರಳು ತೋರಿಸಿದಳು.

“ಬರ್ಕೋ. ಗರುಫಲಿಯಾ. ನನಗಿಂತ ಮೊದಲು ನಮ್ಮಮ್ಮ ಸ್ತಮಾತಾ. ಅವಳಿಗಿಂತ ಮೊದಲು ಅವಳಮ್ಮ ಕ್ರಿಸೂಲಾ. ಅದಕ್ಕೂ ಮೊದಲು ಬಂದೋರ ಹೆಸರು ನಂಗೊತ್ತಿಲ್ಲ. ಅಲ್ಲಿ ಜಾಗ ಬಿಡು.”