ಗಡ್ಡ ಬಿಟ್ಟ ಬೀದಿ

ಮಾವನ ಕ್ಷೌರದಂಗಡಿಗೆ ಸಂಬಳದ ಮೇಲೆ ಸೇರಿದಾಗ ಅಳಿಯನ ಕೈಯಲ್ಲಿ ಹೊಸ ಹೊಸ ಕಟಿಂಗ್ ಕಲಿತ ಸರ್ಟಿಫಿಕೇಟ್ ಇತ್ತು, ತಲೆಯಲ್ಲಿ ಬೀದಿಯನ್ನೇ ಬದಲಾಯಿಸುವ ಯೋಜನೆ ಇತ್ತು. ಬೀದಿಯಲ್ಲಿ ಇಲ್ಲದಿದ್ದುದು ಕೂದಲು ಮಾತ್ರ. ಮೂಲೆಯ ಶಿಶುವಿಹಾರ ಮುಚ್ಚಿ ಅಲ್ಲಿ ಮಂಡಿನೋವಿನ ಕ್ಲಿನಿಕ್ ಬಂದಿತ್ತು. ಆಟಿಕೆ ಅಂಗಡಿಯವನು ಊರುಗೋಲು ಮಾರುತ್ತಿದ್ದ. ಪುಟ್ಟ ಮಕ್ಕಳನ್ನು ಕೂರಿಸಲು ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುತ್ತಿದ್ದ ಹಲಗೆಯನ್ನು ಮಾವ ಹೊಸ್ತಿಲಿಗೆ ಇಳಿಜಾರಾಗಿ ಹಾಕಿಬಿಟ್ಟಿದ್ದರು, ಗಾಲಿಕುರ್ಚಿ ಹತ್ತಿಬರಲೆಂದು. ಬಂದವರಿಗೆಲ್ಲ ಮಾವನ ಕೈಯೇ ಬೇಕು. ‘ಅಳಿಯ ಮನೆ ತೊಳಿಯ’ ಎಂಬ ಗಾದೆ ನಮ್ಮ ಅಳಿಯನ ಪಾಲಿಗೆ ಅಂಗಡಿ ಗುಡಿಸುವಷ್ಟಕ್ಕೆ ಇಳಿದಿತ್ತು. ಗುಡಿಸುವುದಕ್ಕೂ ಹೆಚ್ಚೇನೂ ಬೀಳುತ್ತಿರಲಿಲ್ಲ.

ಮಾವ ಅವನ ತಾಯಿಯ ಅಣ್ಣ. ಮೀಸೆ ಮೂಡುವ ಮೊದಲೇ ಕತ್ತಿ ಹಿಡಿದವರು. ಬೀದಿಯ ಗಂಡಸರ ಚಿಗುರು ಮೀಸೆ ತಿದ್ದಿದ್ದು ಅವರೇ, ಮದುವೆಯ ಬೆಳಗ್ಗೆ ಗಲ್ಲ ನುಣುಪು ಮಾಡಿದ್ದೂ ಅವರೇ. ಆಸ್ಪತ್ರೆಯ ಮಂಚದ ಮೇಲೆ ಕೆಲವರ ಕೊನೆಯ ಕ್ಷೌರವನ್ನೂ ಮಾಡಿ ಬಂದಿದ್ದರು. ಅವರದೊಂದು ನೇಮವಿತ್ತು: ಕತ್ತಿ ಗಲ್ಲಕ್ಕೆ ತಾಗಿದ ಮೇಲೆ ಕತ್ತಿ ಹಿಡಿದವನು ಮಾತಾಡಕೂಡದು. ಹಾಗಾಗಿ ನೊರೆ ಹಚ್ಚುವಾಗ ಶುರುವಾದ ಕಥೆ ಕತ್ತಿ ಎತ್ತಿದೊಡನೆ ನಿಲ್ಲುತ್ತಿತ್ತು. ಅರ್ಧ ಮೀಸೆ ಬೋಳಿಸಿಕೊಂಡು ಎದ್ದು ಓಡಿದ ಮದುಮಗನ ಕಥೆಯಂತೂ ಅರ್ಧದಲ್ಲೇ ನಿಂತು ಎಷ್ಟೋ ವರ್ಷವಾಗಿತ್ತು. ಬೋಳಿಸಿ ಮುಗಿಯುವಷ್ಟರಲ್ಲಿ ಮುಂದಿನವರು ಕುರ್ಚಿಗೆ ಬಂದಿರುತ್ತಿದ್ದರು.

ಇಂಥ ಅಂಗಡಿಗೆ ಬರುವವರು ಒಬ್ಬೊಬ್ಬರಾಗಿ ಗಡ್ಡ ಬಿಡತೊಡಗಿದರು.

ಮೊದಲು ನಿವೃತ್ತ ಬಸ್ ಡ್ರೈವರ್. ಆಮೇಲೆ ಡ್ರಾಯಿಂಗ್ ಮೇಷ್ಟ್ರು. ನೋಡನೋಡುತ್ತ ಬೆಂಚಿನ ಮೇಲೆ ಕೂತವರೆಲ್ಲ ತಪಸ್ಸಿನಿಂದ ಈಗ ತಾನೇ ಎದ್ದು ಬಂದವರ ಹಾಗೆ ಕಾಣತೊಡಗಿದರು. ತಲೆಗಷ್ಟೇ ಕತ್ತರಿ ಆಡಿಸಿಕೊಳ್ಳುವರು, ಶೇವಿಂಗ್ ಎಂದರೆ “ಇರ್ಲಿ ಬಿಡು” ಎನ್ನುವರು. ಅಳಿಯ ಉಬ್ಬಿಹೋದ. ಕನ್ನಡಿಯ ಪಕ್ಕ ಗಡ್ಡದ ಹುಡುಗನ ಪೋಸ್ಟರ್ ಅಂಟಿಸಿದವನು ಅವನೇ ತಾನೆ! “ಇಡೀ ಬೀದಿಗೆ ಫ್ಯಾಷನ್ ಕಲಿಸಿಬಿಟ್ಟೆ ಅಮ್ಮ” ಎಂದು ಫೋನಿನಲ್ಲಿ ಕೊಚ್ಚಿಕೊಂಡ. ತನ್ನ ಸಂಬಳದಲ್ಲೇ ಗಡ್ಡದ ಎಣ್ಣೆಯ ಬಾಟಲಿಗಳನ್ನು ತರಿಸಿ ಸಾಲಾಗಿ ಜೋಡಿಸಿದ.

ಒಂದೂ ಖರ್ಚಾಗಲಿಲ್ಲ. ಮಾವ ಮಾತ್ರ ಬೆಳಗ್ಗೆ ಎಂದಿನಂತೆ ಚರ್ಮದ ಪಟ್ಟಿಗೆ ಕತ್ತಿ ಮಸೆದು, ಒರೆಸಿ, ಹಾಗೇ ಪೆಟ್ಟಿಗೆಗೆ ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಅಳಿಯ ಬಾಟಲಿ ಹಿಡಿದು ಡ್ರೈವರ್ ಮನೆಯ ಜಗಲಿಗೇ ಹೋದ.

“ಎಣ್ಣೆ ಯಾರಿಗೆ ಬೇಕೋ! ಕೆರೆದು ಕೆರೆದು ಗಲ್ಲ ಹುಣ್ಣಾಗಿದೆ” ಎಂದ ಡ್ರೈವರ್.

“ಮತ್ತೆ ಬೋಳಿಸ್ಕೊಳ್ಳಿ. ಯಾರು ಬೇಡ ಅಂದ್ರು?”

“ಯಾರ ಹತ್ರ? ನಿಮ್ಮಾವನ ಕೈ ನೋಡಿದೀಯಾ? ಹೋದ ಸಲ ಕತ್ತಿ ನನ್ನ ಗಂಟಲ ಹತ್ರ ಬಂದಾಗ ಮನೆದೇವ್ರನ್ನೆಲ್ಲ ನೆನೆಸ್ಕೊಂಡೆ.”

“ನನ್ನ ಹತ್ರ ಬರಬಹುದಿತ್ತಲ್ಲ?”

“ಅವನ ಕಣ್ಣೆದುರಿಗೆ ನಿನ್ನ ಕೈಗೆ ಗಲ್ಲ ಕೊಡೋದಾ? ಇನ್ನೊಂದು ಅಂಗಡಿಗೆ ಹೋಗೋದಾ? ಅದಕ್ಕಿಂತ ಗಡ್ಡ ವಾಸಿ ಅಂತ ನಾವೆಲ್ಲ ಮಾತಾಡ್ಕೊಂಡಿದೀವಿ. ಅವನ ಮಗಳು ಮೊದಲೇ ‘ಅಂಗಡಿ ಸಾಕು, ಮನೇಲಿ ಕೂತ್ಕೋ’ ಅಂತಿದಾಳೆ. ಕೂತ್ರೆ ಅವನು ಉಳೀತಾನೇನೋ?”

ಅಳಿಯನ ಮುಖ ಇಂಗು ತಿಂದ ಮಂಗನಂತಾಯಿತು. ಮಾವನ ಲೋಟದಿಂದ ಟೀ ಚೆಲ್ಲುವುದನ್ನು ಅವನೂ ನೋಡಿದ್ದ. ತಾನು ಲೋಟದ ತುಂಬ ತರುವುದೇ ತಪ್ಪೆಂದುಕೊಂಡು ಅರ್ಧ ಲೋಟ ತರತೊಡಗಿದ್ದ. ಬುದ್ಧಿವಂತ!

ಅಂಗಡಿಗೆ ವಾಪಸಾದವನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಮರೆತು, “ಮಾವ, ನಂಗೆ ಕತ್ತಿ ಹಿಡಿಯೋದು ಸರಿಯಾಗಿ ಬರಲ್ಲ, ಕಲಿಸಿ” ಎಂದುಬಿಟ್ಟ. ಅದೊಂದೇ ನಿಜವಾದ ಮಾತಾಗಿತ್ತು.

ಮಾವ ಅವನನ್ನೇ ನೋಡಿದರು. “ಡ್ರೈವರ್ ಹೇಳಿದ್ನಾ?”

ಅಳಿಯ ಪೊರಕೆ ಹಿಡಿದು ಇಲ್ಲದ ಕೂದಲು ಗುಡಿಸತೊಡಗಿದ.

“ಒಳ್ಳೇ ಜನ ಕಣೋ. ಕೆರ್ಕೊಂಡು ಸಾಯ್ತಾರೆಯೇ ಹೊರತು ಬಾಯಿ ಬಿಡಲ್ಲ. ನಾನೂ ಅಷ್ಟೇ, ಗೊತ್ತಿದ್ದೂ ದಿನಾ ಮಸೀತಿದ್ದೆ. ನಾಳೆ ಎಲ್ಲರನ್ನೂ ಕರಿ.”

ಮರುದಿನ ಬೆಂಚು ತುಂಬಿತ್ತು. ಮಾವ ತಮ್ಮ ಗಲ್ಲಕ್ಕೆ ತಾವೇ ನೊರೆ ಹಚ್ಚಿಕೊಂಡು, ಇಷ್ಟು ವರ್ಷ ಬೇರೆಯವರನ್ನು ಕೂರಿಸಿದ ಕುರ್ಚಿಯಲ್ಲಿ ಹೋಗಿ ಕೂತರು. ಕತ್ತಿಯನ್ನು ಅಳಿಯನತ್ತ ಚಾಚಿದರು. ಚಾಚಿದ ಕೈ ನಡುಗುತ್ತಿತ್ತು. ಹಿಡಿದುಕೊಂಡ ಕೈಯೂ ನಡುಗಿತು.

“ಇಬ್ರೂ ನಡುಗಿದ್ರೆ ಅಂಗಡಿ ನಡೆಸೋರು ಯಾರೋ?” ಎಂದರು ಮಾವ. ಆಮೇಲೆ ಕಣ್ಣು ಮುಚ್ಚಿದರು.

ಅಳಿಯ ಕತ್ತಿಯನ್ನು ಗಲ್ಲದ ಮೇಲಿಂದ ಮೆಲ್ಲಗೆ ಇಳಿಸಿದ. ಗದ್ದದ ಕೆಳಗೊಂದು ಕಡೆ ಚೂರು ರಕ್ತ ಒಸರಿತು. ಮಾವ ಪಟಿಕ ಉಜ್ಜಿಕೊಂಡು, ಕನ್ನಡಿಯಲ್ಲಿ ಆಚೆ ಈಚೆ ತಿರುಗಿ ನೋಡಿ, ಬೆಂಚಿನ ಕಡೆಗೆ ಹೇಳಿದರು: “ಬದುಕಿದೀನಿ. ಯಾರ್ರೀ ಮುಂದಿನವ್ರು?”

ಡ್ರೈವರ್ ಓಡಿಬಂದ ರೀತಿ ನೋಡಿದರೆ ಮಂಡಿನೋವಿನ ಕ್ಲಿನಿಕ್ಕಿನವರು ನಾಚಬೇಕಿತ್ತು. ಮಾವ ಬ್ರಷ್ ಎತ್ತಿಕೊಂಡರು. ನೊರೆ ಹಚ್ಚುವುದಕ್ಕೆ ನಡುಗುವ ಕೈಯಿಂದ ನಷ್ಟವೇನೂ ಇರಲಿಲ್ಲ, ಇನ್ನೂ ಚೆನ್ನಾಗಿಯೇ ಉಬ್ಬಿತು. ಹಚ್ಚುತ್ತ ಮದುಮಗನ ಕಥೆ ತೆಗೆದರು. ಅಳಿಯ ಗಲ್ಲಕ್ಕೆ ಕತ್ತಿ ಇಟ್ಟಾಗ ಅಭ್ಯಾಸಬಲದಿಂದ ಒಂದು ಗಳಿಗೆ ನಿಲ್ಲಿಸಿದರು. ಆದರೆ ಕತ್ತಿ ಈಗ ತಮ್ಮ ಕೈಯಲ್ಲಿರಲಿಲ್ಲ. ಗಂಟಲು ಸರಿ ಮಾಡಿಕೊಂಡು ಮುಂದುವರಿಸಿದರು.

“ಅರ್ಧ ಮೀಸೇಲೇ ಓಡಿದ, ಸರಿ. ಆಮೇಲೆ?” ಎಂದರು ಬೆಂಚಿನಿಂದ ಮೇಷ್ಟ್ರು.

“ಆಮೇಲೇನು, ವಾಪಸ್ ಬಂದು ಇನ್ನರ್ಧ ಬೋಳಿಸ್ಕೊಂಡು ಹೋದ.”

ಕೇಳಲು ಮುಂದೆ ಬಾಗಿದ್ದ ಮೇಷ್ಟ್ರು ಹಿಂದಕ್ಕೆ ಒರಗಿದರು.

“ಇಷ್ಟೇನಾ?” ನೊರೆಯೊಳಗಿಂದಲೇ ಡ್ರೈವರ್ ಗುಡುಗಿದ. “ಇದಕ್ಕಾ ನಾನು ಇಷ್ಟು ವರ್ಷ ಕಾದಿದ್ದು?”

“ಅಲ್ಲಾಡ್ಬೇಡ್ವೋ, ಹೊಸ ಕೈ ಅದು” ಎಂದು ಅವನ ತಲೆಯನ್ನು ಕುರ್ಚಿಗೆ ಒತ್ತಿ ಹಿಡಿದು, ಮಾವ ಇನ್ನೊಂದು ಕಥೆ ಶುರು ಮಾಡಿದರು.