ಕಾರ್ಡಿನ ಮೇಲಿನ ಕ್ಷೇಮ ಸಮಾಚಾರ

ಚದುರಂಗ ಆಡುವವರೆಲ್ಲ ಸಭ್ಯರು ಎಂಬುದು ನಮ್ಮ ಕಾಕಾನ ನಂಬಿಕೆಯಾಗಿತ್ತು. ಇಸ್ಪೀಟಿನವರು ಜಗಳಗಂಟರು, ಕುಸ್ತಿಯವರು ಒರಟರು, ಚದುರಂಗದವರು ಮಾತ್ರ ದೇವಲೋಕದಿಂದ ನೇರ ಇಳಿದು ಬಂದವರು. ಕಂದಾಯ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ವಿಜಾಪುರದಲ್ಲಿ ಒಂದು ಅಂಚೆ ಚದುರಂಗದ ಕೂಟ ಕಟ್ಟಿದರು. ಎಪ್ಪತ್ತರ ದಶಕದ ನಡುವಿನ ಮಾತು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಖೋಲಿಯೇ ಕಚೇರಿ.

ಅಂಚೆ ಚದುರಂಗವೆಂದರೆ ಇಷ್ಟೇ. ಟಿಕೋಟಾದಲ್ಲಿ ಒಬ್ಬ, ಸಿಂದಗಿಯಲ್ಲಿ ಒಬ್ಬ ತಮ್ಮ ತಮ್ಮ ಮನೆಯಲ್ಲಿ ಮಣೆ ಹಾಸಿಕೊಂಡು ಕೂಡುತ್ತಾರೆ. ಮಣೆಯ ಮೇಲಿನ ಚೌಕಗಳಿಗೆ ಒಂದರಿಂದ ಅರವತ್ನಾಲ್ಕರ ತನಕ ಅಂಕಿ. ಇವನು ಒಂದು ಕಾಯಿ ನಡೆಸಿ ಅದನ್ನು ಅಂಚೆ ಕಾರ್ಡಿನಲ್ಲಿ ಬರೆದು ಹಾಕಬೇಕು, ಅವನು ತನ್ನ ನಡೆಯನ್ನು ಇನ್ನೊಂದು ಕಾರ್ಡಿನಲ್ಲಿ ತಿಳಿಸಬೇಕು. ಆಟವೊಂದು ಮುಗಿಯುವುದರೊಳಗೆ ಮನೆಯಲ್ಲಿ ಕೂಸು ಹುಟ್ಟಿ ನಡೆಯಲು ಕಲಿತಿರುತ್ತದೆ. ಕಾರ್ಡು ಮುಟ್ಟಿ ನಾಲ್ಕು ದಿನದೊಳಗೆ ಉತ್ತರ ಹಾಕದಿದ್ದರೆ ಸೋಲು.

ಕಾಕಾ ಕೂಡಿಸಿದ್ದ ಹದಿನಾಲ್ಕು ನಿಯಮಗಳಲ್ಲಿ ಅವರಿಗೆ ಹೆಚ್ಚು ಹೆಮ್ಮೆ ಇದ್ದದ್ದು ಒಂಬತ್ತನೆಯದರ ಮೇಲೆ. ಆಟಗಾರರು ಬರೀ ನಡೆಯನ್ನು ಬರೆಯದೆ, ಒಂದೆರಡು ಸಾಲು ಕ್ಷೇಮ ಸಮಾಚಾರವನ್ನೂ ಬರೆದು ಪರಸ್ಪರ ಸ್ನೇಹ ಬೆಳೆಸತಕ್ಕದ್ದು. ಇಂಥ ಸುಸಂಸ್ಕೃತ ನಿಯಮ ಮುಂಬೈ ಕಡೆಯ ಕೂಟಗಳಲ್ಲೂ ಇಲ್ಲವೆಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು, ಅಕ್ಷರ ದುಂಡಗಿವೆ ಎಂಬ ಒಂದೇ ಅರ್ಹತೆಯ ಮೇಲೆ, ಕೂಟದ ಬರಹಗಾರ್ತಿ ಮಾಡಿದರು. ಮೇಣದ ಕಾಗದದ ಮೇಲೆ ಕಬ್ಬಿಣದ ಮೊನೆಯಿಂದ ಬರೆದು, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ, ಸದಸ್ಯರಿಗೆಲ್ಲ ಸುತ್ತೋಲೆ ಕಳಿಸುವುದು ನನ್ನ ಕೆಲಸ. ಸಂಬಳವಿಲ್ಲ, ಗೌರವವಿದೆ ಎಂದಿದ್ದರು. ಆ ಗೌರವ ಯಾವ ಟಪಾಲಿನಲ್ಲಿ ಬರುತ್ತದೋ ಎಂದು ನಾನು ಕಾಯುತ್ತಲೇ ಇದ್ದೆ.

ಆಟಗಾರರ ಪಟ್ಟಿಯಲ್ಲಿ ಹೆಣ್ಣುಮಗಳೆಂದರೆ ಒಬ್ಬಳೇ. ಬಬಲೇಶ್ವರದ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತ, ಒಂದು ಖೋಲಿ ಬಾಡಿಗೆ ಹಿಡಿದು ಇದ್ದವಳು. ಒಂದು ದಿನ ಅವಳಿಂದ ದಪ್ಪನೆಯ ಪಾಕೀಟು ಬಂತು. ಒಳಗೆ ಹನ್ನೊಂದು ಕಾರ್ಡು, ಒಂದು ಪತ್ರ. ಕಾರ್ಡುಗಳೆಲ್ಲ ಅವಳ ಎದುರಾಳಿಯವು. ಟಿಕೋಟಾದವನು, ಹೆಂಡತಿ ಮಕ್ಕಳಿದ್ದವನು, ಹಿಂದಿನ ವರ್ಷ ನಮ್ಮಲ್ಲಿ ಎರಡನೆಯ ಬಹುಮಾನ ಪಡೆದ ಸಭ್ಯಸ್ಥ.

ಮೊದಲನೆಯ ಕಾರ್ಡಿನಲ್ಲಿ ನಡೆಯ ಕೆಳಗೆ, ತಮ್ಮ ಅಕ್ಷರ ಮುತ್ತು ಪೋಣಿಸಿದಂತಿವೆ, ಎಂದಿತ್ತು. ಐದನೆಯದರಲ್ಲಿ, ಒಬ್ಬರೇ ಇರುತ್ತೀರಂತೆ, ಸಂಜೆ ಹೇಗೆ ಕಳೆಯುತ್ತೀರಿ? ಒಂಬತ್ತನೆಯದನ್ನು ನಾನು ಎರಡು ಸಲ ಓದಿದೆ. 'ಸೋಮವಾರ ವಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ ಹಸಿರು ಸೀರೆಯಲ್ಲಿ ಕಂಡಿರಿ. ನೀವು ನನ್ನನ್ನು ನೋಡಲಿಲ್ಲ. ನಾನು ಬಸ್ಸು ಹೊರಡುವ ತನಕ ನೋಡುತ್ತಿದ್ದೆ.' ಎಲ್ಲವೂ ಕ್ಷೇಮ ಸಮಾಚಾರದ ಜಾಗದಲ್ಲೇ, ಅಚ್ಚುಕಟ್ಟಾಗಿ.

ಅವಳ ಪತ್ರ ಚಿಕ್ಕದು. 'ಕಾರ್ಡು ಮುಚ್ಚಿರದ ಬಿಚ್ಚೋಲೆ, ಶಾಲೆಯಲ್ಲಿ ಮೊದಲು ಹೆಡ್ಮಾಸ್ತರರ ಮೇಜಿಗೆ ಹೋಗುತ್ತದೆ, ನನ್ನ ಕೈಗೆ ಬರುವಷ್ಟರಲ್ಲಿ ಜವಾನನೂ ಓದಿರುತ್ತಾನೆ. ಹೊನವಾಡದಲ್ಲಿರುವ ನಮ್ಮಣ್ಣ, ನನ್ನ ಬಗ್ಗೆ ಒಂದು ಮಾತು ಕಿವಿಗೆ ಬಿದ್ದರೂ ನೌಕರಿ ಬಿಡಿಸುತ್ತೇನೆಂದು ಹೇಳಿಯೇ ಕಳಿಸಿದ್ದಾನೆ. ಈ ಎದುರಾಳಿ ನಡೆಯನ್ನು ಮಾತ್ರ ಬರೆಯುವಂತೆ ಮಾಡಿ, ಬೇರೇನೂ ಬೇಡ. ಆಟ ನಾನು ಗೆಲ್ಲುವ ಹಂತದಲ್ಲಿದೆ.'

ಭಾನುವಾರ ಕಮಿಟಿ ಕೂತಿತು. ಕಾಕಾ, ಒಬ್ಬರು ವಕೀಲರು, ಕೆಳಗಿನ ಬಟ್ಟೆ ಅಂಗಡಿಯ ಸಾಹುಕಾರರು. ಭೂತನಾಳ ಕೆರೆಯ ನೀರು ನಲ್ಲಿಗೆ ಬರುವುದರೊಳಗೆ ವಕೀಲರು ಮನೆ ಸೇರಬೇಕಿತ್ತು, ಆದ್ದರಿಂದ ನಮ್ಮಲ್ಲಿ ನ್ಯಾಯಕ್ಕೆ ಯಾವತ್ತೂ ತಡವಾದದ್ದಿಲ್ಲ. ಚೂಡಾ ತಿನ್ನುತ್ತ ಅವರೇ ಕಾರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಹೆಡ್ಮಾಸ್ತರರು, ಜವಾನ ಆದ ಮೇಲೆ ಈಗ ಕೆಳಗಿನ ಗಿರಾಕಿಗಳಿಗೂ ಕೇಳಿಸಿತು.

"ಇದರಾಗ ಒಂದರ ಕೆಟ್ಟ ಶಬ್ದ ಐತೇನ್ರಿ? ನನಗಂತೂ ಕಾಣವಲ್ದು," ಎಂದರು ವಕೀಲರು.

"ಹಸಿರು ಸೀರಿ ಉಟ್ಟಿದ್ದು ಖರೇನ ಇರಬೇಕು. ಸುಳ್ಳ ಬರದಾನೇನು?" ಎಂದರು ಸಾಹುಕಾರರು. ಅವರಿಗೆ ಸೀರೆಯ ವಿಷಯದಲ್ಲಿ ಅಧಿಕಾರವಿತ್ತು.

"ಬ್ಯಾಡಾಗಿದ್ರ ಈಕಿ ಎಲ್ಲಾ ಕಾರ್ಡಿಗೂ ಯಾಕ ಜವಾಬು ಕೊಟ್ಟಾಳ?" ಎಂದು ಕಾಕಾ ಕೇಳಿದರು. ಜವಾಬು ಕೊಡದಿದ್ದರೆ ಸೋಲು ಎಂದು ಬರೆದವರು ಅವರೇ. ಅದನ್ನು ನೆನಪು ಮಾಡಿಕೊಡಲು ನನಗೆ ಒಂದು ನಿಮಿಷ ಸಾಕಾಗುತ್ತಿತ್ತು. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೊರಗೆ ಹೋದೆ.

ಎರಡೂ ಕಡೆಯದನ್ನು ನೋಡದೆ ತೀರ್ಪು ಕೊಡುವುದು ಧರ್ಮವಲ್ಲವೆಂದು, ಅವಳು ಬರೆದ ಕಾರ್ಡುಗಳನ್ನು ಕಳಿಸುವಂತೆ ಟಿಕೋಟಾದವನಿಗೆ ತಿಳಿಸಿದರು. ನಿಯಮ ಪಾಲಿಸಿದವನಿಗೆ ಈ ಅಪವಾದವೇ ಎಂದು ನೊಂದುಕೊಂಡು ಅವನು ಎಲ್ಲವನ್ನೂ ಕಳಿಸಿದ. ನಾನು ಒಂದೊಂದನ್ನೂ ಓದಿದೆ. 'ಕುದುರೆ, ಐವತ್ತೆರಡರಿಂದ ಮೂವತ್ತೇಳಕ್ಕೆ.' ಕೆಳಗೆ ಸಹಿ. ಇನ್ನೊಂದರಲ್ಲಿ ಆನೆಯ ನಡೆ, ಸಹಿ. ಹನ್ನೊಂದರಲ್ಲೂ ಅಷ್ಟೇ, ಒಂದು ನಮಸ್ಕಾರ ಕೂಡ ಇಲ್ಲ. ಇನ್ನು ಮೇಲೆ ಯಾರೂ ಅವಳನ್ನು ಏನೂ ಅನ್ನುವಂತಿಲ್ಲ ಎಂದು ನನಗೆ ಬಹಳ ಸಮಾಧಾನವಾಯಿತು.

ಮುಂದಿನ ಕಮಿಟಿಯಲ್ಲಿ ವಕೀಲರು ಆ ಕಾರ್ಡುಗಳನ್ನು ಮಗುಚಿ ಮಗುಚಿ ನೋಡಿ, ಕೊನೆಗೆ ಮೇಜು ಬಡಿದರು.

"ನೋಡ್ರಿ ಇಲ್ಲಿ! ಕ್ಷೇಮ ಸಮಾಚಾರ ಒಂದು ಸಾಲೂ ಇಲ್ಲ. ಒಂಬತ್ತನೇ ನಿಯಮ ಹನ್ನೊಂದು ಸರ್ತಿ ಮುರದಾಳ!"

ಕಾಕಾನಿಗೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ತಮ್ಮ ಮುದ್ದಿನ ನಿಯಮಕ್ಕೆ ಇಂಥ ಅವಮಾನವಾಗಬಹುದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ, ಸದಸ್ಯರಿಗೆಲ್ಲ ಒಂದು ಸುತ್ತೋಲೆ ಹೊರಡಿಸುವುದೆಂದು ಠರಾಯಿಸಿದರು.

"ಬರಕೋ ಬೇ," ಎಂದು ನನಗೆ ಹೇಳಿದರು. ನಾನು ಬರೆದುಕೊಂಡೆ. 'ಬಬಲೇಶ್ವರದ ಮಹಿಳಾ ಆಟಗಾರರೊಬ್ಬರು ಸಹ ಆಟಗಾರರ ಪತ್ರವ್ಯವಹಾರದ ಬಗ್ಗೆ ತಕರಾರು ಸಲ್ಲಿಸಿದ್ದು, ವಿಚಾರಣೆಯಲ್ಲಿ ಎರಡೂ ಕಡೆಯಿಂದ ಲೋಪ ಕಂಡುಬಂದಿರುತ್ತದೆ. ಸದಸ್ಯರು ಶಿಸ್ತು ಕಾಪಾಡತಕ್ಕದ್ದು.' ಯಾರ ಹೆಸರನ್ನೂ ಹಾಕಲಿಲ್ಲ. ಟಿಕೋಟಾದವನ ಊರನ್ನೂ ಹಾಕಲಿಲ್ಲ, ಪಾಪ, ಹೆಂಡತಿ ಮಕ್ಕಳಿದ್ದಾರೆ. ಇಡೀ ಪಟ್ಟಿಯಲ್ಲಿ ಒಬ್ಬಳೇ ಹೆಣ್ಣುಮಗಳು, ಅವಳ ಊರನ್ನು ಹಾಕಿ ಹೆಸರು ಬಿಟ್ಟದ್ದು ಅವಳ ಮರ್ಯಾದೆ ಉಳಿಸಲು. ಆ ದಿನ ಮೇಣದ ಕಾಗದದ ಮೇಲೆ ನನ್ನ ಅಕ್ಷರ ಎಂದಿಗಿಂತ ಚೆನ್ನಾಗಿ ಬಂದವು.

ಅವಳ ಹನ್ನೊಂದು ಕಾರ್ಡುಗಳನ್ನು ಟಿಕೋಟಾಕ್ಕೆ ವಾಪಸು ರಜಿಸ್ಟರ್ ಮಾಡಿದೆವು. ಪತ್ರ ಯಾರಿಗೆ ಮುಟ್ಟಿತೋ ಅವರ ಸೊತ್ತು ಎಂದು ವಕೀಲರು ಕಾಯಿದೆ ಹೇಳಿದ್ದರು. ಅವನು ಬರೆದವು ಮಾತ್ರ ಕೂಟದ ದಾಖಲೆಯಾಗಿ ನಮ್ಮ ಕಪಾಟು ಸೇರಿದವು. ಅವು ಅವಳಿಗೆ ಮುಟ್ಟಿದ ಪತ್ರಗಳಲ್ಲವೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸುತ್ತೋಲೆ ಹೋದ ಮೇಲೆ ಶಿಸ್ತು ಎಷ್ಟು ಬೆಳೆಯಿತೆಂದರೆ, ಅವಳೊಂದಿಗೆ ಆಟವನ್ನೇ ಆಡದಿದ್ದ ಸದಸ್ಯರೂ ಅವಳಿಗೆ ಕಾರ್ಡು ಬರೆದರು. ಕೆಲವರು ಬುದ್ಧಿ ಹೇಳಿದರು, ಕೆಲವರು ಧೈರ್ಯ ಹೇಳಿದರು, ಒಬ್ಬ ತಾನು ಬಂದು ರಕ್ಷಣೆ ಕೊಡಲೇ ಎಂದು ಕೇಳಿದನಂತೆ. ಎಲ್ಲವೂ ಹೆಡ್ಮಾಸ್ತರರ ಮೇಜಿನ ಮೇಲೆ ಹಾದು ಹೋದವು. ಅವರು ಹೊನವಾಡಕ್ಕೆ ಹೇಳಿಕಳಿಸಿ, ಅವಳ ಅಣ್ಣನ ಕೈಯಲ್ಲಿ, ಶಾಲೆಯ ವಿಳಾಸಕ್ಕೆ ಬಂದಿದ್ದ ನಮ್ಮ ಸುತ್ತೋಲೆಯನ್ನೇ ಇಟ್ಟರು.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಅವಳು ನಮ್ಮ ಮೆಟ್ಟಿಲು ಹತ್ತಿ ಬಂದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು.

"ನಾ ಬರದ ಕಾರ್ಡ ಒಂದಿಷ್ಟು ಕೊಡ್ರಿ," ಎಂದು ಕಾಕಾನನ್ನು ಕೇಳಿದಳು. "ಅಣ್ಣ ಕೆಳಗ ನಿಂತಾನ. ಎರಡೂ ಕಡೆಯಿಂದ ಲೋಪ ಅಂದ್ರ ನೀ ಏನ ಬರದಿದ್ದಿ ಅಂತ ಕೇಳಾಕತ್ತಾನ್ರಿ. ಅವನ್ನ ತೋರಿಸಿದ್ರ ಸಾಕು. ಇಲ್ಲಂದ್ರ ಇವತ್ತ ರಾಜೀನಾಮಿ ಬರಸ್ತಾನ."

"ಅವನ್ನ ಅವರಿಗೆ ಕಳಿಸಿಬಿಟ್ಟೇವಲ್ಲವಾ," ಎಂದರು ಕಾಕಾ. "ಬೇಕಂದ್ರ ಅರ್ಜಿ ಕೊಡು. ಮುಂದಿನ ಕಮಿಟಿಯೊಳಗ ಇಡೋಣು."

ಅವಳು ತಪ್ಪು ಮಾಡಿಲ್ಲವೆಂಬುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ನಾವು ಯಾರ ಮೇಲೆ ದೂರಿತ್ತೋ ಅವನ ಕೈಗೇ, ರಸೀದಿ ಪಡೆದು, ಮುಟ್ಟಿಸಿದ್ದೆವು. ಅವಳು ಕೆಳಗಿಳಿದಳು.

ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹಿಂದೆಯೇ ಓಡಿದೆ. ಅಂಗಡಿಯ ಮುಂದೆ ಅಣ್ಣ ನಿಂತಿದ್ದ.

"ನಾ ಎಲ್ಲಾ ಕಾರ್ಡ ಓದೇನ್ರಿ," ಎಂದೆ. "ನಿಮ್ಮ ತಂಗಿ ಆಟದ ನಡಿ ಬಿಟ್ಟು ಒಂದಕ್ಷರಾನೂ ಬರದಿಲ್ಲ. ದೇವರಾಣಿ."

ಅವನು ಕಿಸೆಯಿಂದ ಸುತ್ತೋಲೆ ತೆಗೆದ. "ಹಂಗಾದ್ರ ಇದನ್ನ ಬರದವರು ಯಾರ್ರಿ?"

"ನಾನ."

ಅವನು ಸಿಟ್ಟು ಮಾಡಲಿಲ್ಲ. ಕಾಗದವನ್ನು ಮತ್ತೆ ಮಡಚಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವಳು ಮಾತ್ರ ನನ್ನ ಕಡೆ ತಿರುಗಿದಳು.

"ಇದನ್ನ ನೀವು ಮ್ಯಾಲೆ ಆ ಮೂವರ ಮುಂದ ಅಂದಿದ್ರ ಸಾಕಿತ್ರಿ," ಎಂದಳು. "ಈಗ ಓಣಿಯೊಳಗ ನಿಂತು ಹೇಳಾಕತ್ತೀರಿ."

ಅವಳು ಅಣ್ಣನ ಹಿಂದೆ ಹೋದಳು. ಆ ವಾರವೇ ನೌಕರಿ ಬಿಟ್ಟಳೆಂದು ಆಮೇಲೆ ತಿಳಿಯಿತು.

ನಾನು ಮೆಟ್ಟಿಲು ಹತ್ತಿ ವಾಪಸು ಹೋದೆ. ಕಾಕಾ ಹೊಸ ಮೇಣದ ಕಾಗದ ತೆಗೆದಿಟ್ಟುಕೊಂಡು ನನ್ನ ದಾರಿ ಕಾಯುತ್ತಿದ್ದರು. ತನ್ನ ಹೊಸ ಕಾರ್ಡಿಗೆ ಬಬಲೇಶ್ವರದಿಂದ ನಾಲ್ಕು ದಿನದೊಳಗೆ ಉತ್ತರ ಬಂದಿಲ್ಲವೆಂದು ಟಿಕೋಟಾದವನು ತಿಳಿಸಿದ್ದನಂತೆ, ನಿಯಮದ ಪ್ರಕಾರ ಅವನು ಗೆದ್ದನೆಂದು ಸುತ್ತೋಲೆ ಹೋಗಬೇಕಿತ್ತು. ನಾನು ಕೂತು ಬರೆದೆ.