ಅಕ್ಕ ನೀರೆರೆದ ಮಧ್ಯಾಹ್ನ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಒಂದೇ ನಲ್ಲಿಯ ಹತ್ತಿರ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಸುತ್ತಿದ್ದವು. ಅಲ್ಲಿನ ಮಹಿಳಾ ಸಮಾಜದವರು ನಾಟಕ ಬೇಕೆಂದಾಗ, ಮಾತೇ ಇಲ್ಲದ್ದು ಮಾಡೋಣ ಎಂದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಮೂಕಾಭಿನಯ ಕಲಿಸಿದ್ದರು. ಇಲ್ಲದ ಕೊಡ ಎತ್ತಿದರೂ ಸೊಂಟದಲ್ಲಿ ಭಾರ ಕಾಣಬೇಕು ಎನ್ನುತ್ತಿದ್ದರು.

ಯುದ್ಧದ ವರ್ಷಗಳವು. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯಿಂದ ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ನಾಟಕ ಒಂದು ನೆಪ. ನನ್ನ ಅಕ್ಕ ಅಲ್ಲಿದ್ದಳು. ಅವಳ ಮೂರು ತಿಂಗಳ ಮಗು ಜ್ವರದಲ್ಲಿ ಹೋಗಿ ಒಂದು ಮಳೆಗಾಲ ಕಳೆದಿತ್ತು. ಅಂದಿನಿಂದ ಅವಳು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು.

ನಾಟಕದಲ್ಲಿದ್ದದ್ದು ಹೆಂಗಸೊಬ್ಬಳ ಬೆಳಗು, ಅಷ್ಟೇ. ನೀರು ಹೊರುವುದು, ಒಲೆ ಊದುವುದು, ಕೊನೆಗೆ ಮಗುವಿಗೆ ನೀರೆರೆದು ತೊಟ್ಟಿಲಿಗೆ ಹಾಕುವುದು. ಕೊನೆಯದು ಅಕ್ಕನ ಪಕ್ಕದ ಮನೆಯ ತೆಲುಗು ಸೊಸೆಯ ಪಾಲಿಗೆ ಬಂದಿತ್ತು. ಪಾಪ, ಹೊಸದಾಗಿ ಮದುವೆಯಾದವಳು, ತಾಲೀಮಿನಲ್ಲಿ ನಿಂತಲ್ಲಿಂದಲೇ ನೀರು ಸುರಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ, "ಮಾರಾಯ್ತಿ, ಅದೇನು ಮಗುವೋ ತುಳಸಿ ಗಿಡವೋ? ಆಚೆ ಸರಿ" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಾನು ಮಾಡ್ತೀನಿ. ಬೊಂಬೆ ಮಾತ್ರ ಬೇಡ."

ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಬೇಡ ಅಂತ ಅವಳಿಗೆ ಹೇಳಮ್ಮ. ಅಷ್ಟು ಜನರ ಎದುರು ಕುಸಿದರೆ ಏನು ಗತಿ?" ಎಂದರು. ನನಗೂ ಭಯವಿತ್ತು. ಆದರೂ ಬೇಡ ಎನ್ನಲಿಲ್ಲ.

ನಾಟಕದ ದಿನ ಮಧ್ಯಾಹ್ನ ಸಮಾಜದ ಹಜಾರದ ತುಂಬ ಹೆಂಗಸರು. ಅಕ್ಕ ಮಣೆಯ ಮೇಲೆ ಕಾಲು ಚಾಚಿ ಕೂತಳು. ಮುಂಗೈಗೆ ನೀರು ಬಿಟ್ಟುಕೊಂಡು ಬಿಸಿ ನೋಡಿದಳು. ಕಣ್ಣಿಗೆ ಇಳಿಯದ ಹಾಗೆ ಮಗುವಿನ ಹಣೆಗೆ ಅಂಗೈ ಅಡ್ಡ ಹಿಡಿದು ಹೊಯ್ದಳು. ಬೋರಲು ಮಲಗಿಸಿ ಬೆನ್ನು ನೀವಿದಳು. ಕಿವಿಯ ಹಿಂದೆ ಬೆರಳಾಡಿಸಿದಳು. ಅವಳ ಕಾಲ ಮೇಲೆ ಏನೂ ಇರಲಿಲ್ಲ, ಆದರೆ ನಮಗೆಲ್ಲ ಮಗು ಕಾಣುತ್ತಿತ್ತು.

ಇನ್ನು ತೊಟ್ಟಿಲಿಗೆ ಹೋಗಬೇಕು. ಅಕ್ಕ ಏಳಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು ಕೂತೇಬಿಟ್ಟಳು. ನನ್ನ ಕೈ ಪರದೆಯ ಹಗ್ಗಕ್ಕೆ ಹೋಯಿತು. ಅಷ್ಟರಲ್ಲಿ ಮುಂದೆ ಕೂತಿದ್ದ ತಮಿಳು ಅಜ್ಜಿಯೊಬ್ಬರು ಎದ್ದರು. ಮೊಣಕಾಲು ಹಿಡಿದುಕೊಂಡು ವೇದಿಕೆ ಹತ್ತಿ, ಎರೆದ ಮಗುವನ್ನು ಇಸಿದುಕೊಳ್ಳಲು ಮನೆಯ ಹಿರಿಯರು ನಿಲ್ಲುವ ಹಾಗೆ ಸೆರಗು ಹರಡಿ ನಿಂತರು. ನಾನು ಹಗ್ಗ ಎಳೆಯಲಿಲ್ಲ.

ಅಕ್ಕ ಬಹಳ ಹೊತ್ತು ಅವರ ಮುಖ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಕೊಟ್ಟಳು.

"ಹುಷಾರು ಅಜ್ಜಿ, ಕತ್ತು ಇನ್ನೂ ನಿಂತಿಲ್ಲ."

ಹಿಡಿದೆ, ಹಿಡಿದೆ ಎಂದು ಅಜ್ಜಿ ತಮಿಳಿನಲ್ಲೇ ಹೇಳಿದರು. ಅಕ್ಕ ಅಲ್ಲೇ ಜೋರಾಗಿ ಅತ್ತಳು, ನಾಚಿಕೆಯಿಲ್ಲದೆ ಅತ್ತಳು.

ಹೊರಗೆ ಬರುವಾಗ, ನೀರೆರೆದವಳು ಯಾರೆಂದು ಕೇಳಿದವರಿಗೂ ಕೇಳದವರಿಗೂ "ನಮ್ಮಕ್ಕ" ಎಂದೆ.

ಮನೆಗೆ ಬಂದು ಅವಳು ಕಾಫಿ ಸೋಸುತ್ತಾ, "ಅವನಿಗೆ ನೀರಂದ್ರೆ ಪ್ರಾಣ ಕಣೇ. ಕಾಲು ಬಡಿದು ನನ್ನ ಸೀರೆಯೆಲ್ಲ ತೋಯಿಸೋನು" ಎಂದಳು. ಭಾವ ಸದ್ದಿಲ್ಲದೆ ಬಂದು ಹೊಸ್ತಿಲ ಮೇಲೆ ಕೂತರು. ಅವಳು ಅವರ ಕಡೆಗೂ ತಿರುಗಿ ಹೇಳುತ್ತಾ ಹೋದಳು.